ಪರದೇಶದಲ್ಲಿ ನಮಗೆ ಜಾಮೀನು ಯಾರು? ಹುಂಡಿಯಿಂದ ಕ್ರೆಡಿಟ್ ಕಾರ್ಡಿನವರೆಗೆ

ನಮ್ಮ ಕಾಸರಗೋಡು ಸೀಮೆಯಲ್ಲಿ ಪರದೇಶದ ಸಂಬಂಧ ಇಲ್ಲದ ಮನೆ ಹುಡುಕುವುದು ಕಷ್ಟ. ಒಬ್ಬರ ಮಗ ದುಬೈಯಲ್ಲಿ, ಇನ್ನೊಬ್ಬರ ಮಗಳು ಜರ್ಮನಿಯಲ್ಲಿ ಕಲಿಯುತ್ತಾಳೆ, ಮತ್ತೊಬ್ಬರು ಮೊನ್ನೆ ಉಮ್ರಾಕ್ಕೆ ಹೋಗಿ ಬಂದಿದ್ದಾರೆ. ಹಳಬರು ಗಲ್ಫಿಗೆ ‘ಪೇರ್ಷ್ಯ’ ಅಂತಲೇ ಹೇಳುತ್ತಿದ್ದರು. ಹೋದವರು ಅಲ್ಲಿಂದ ಏನು ತಂದರು ಎಂಬ ಕತೆ ನಮ್ಮಲ್ಲಿ ಬೇಕಾದಷ್ಟು ಉಂಟು. ಅತ್ತರಿನ ಬಾಟಲಿ, ಟೇಪ್ ರೆಕಾರ್ಡರ್, ಮದುವೆಗೆ ಚಿನ್ನ. ಆದರೆ ಅಲ್ಲಿ ಇಳಿದ ದಿನ ಒಂದು ಚಾ ಕುಡಿಯಲಿಕ್ಕೆ ಅವರ ಕೈಯಲ್ಲಿ ಯಾವ ಹಣ ಇತ್ತು, ಗುರುತು ಪರಿಚಯ ಇಲ್ಲದ ಅಂಗಡಿಯವನು ಅದನ್ನು ಯಾಕೆ ತೆಗೆದುಕೊಂಡ, ಎಂಬ ಕತೆಯನ್ನು ನಾವು ಬರೆದಿಟ್ಟವರಲ್ಲ.

ಈಗ ಹೋಗುವವರ ಕಿಸೆಯಲ್ಲಿ ಕ್ರೆಡಿಟ್ ಕಾರ್ಡು ಇರುತ್ತದೆ. ಕಾರ್ಡು ಎಂದರೆ ಹಣ ಅಂತ ನಮ್ಮಲ್ಲಿ ಹೆಚ್ಚಿನವರ ತಿಳುವಳಿಕೆ. ನಾನು ಶಾಲೆಯಲ್ಲಿ ಇತಿಹಾಸ ಕಲಿಸಿದವನು. ನಿವೃತ್ತಿಯ ನಂತರ ವಾಚನಾಲಯದಲ್ಲಿ ಕೂತಾಗ ಪರದೇಶಕ್ಕೆ ಹೋಗಿ ಬಂದವರು ಕಾರ್ಡಿನ ಬಿಲ್ಲು ಹಿಡಿದುಕೊಂಡು ಬಂದು “ಮಾಷ್ಟ್ರೇ, ಇದು ಎಂತ, ಇಷ್ಟು ಜಾಸ್ತಿ ಬಂದಿದೆಯಲ್ಲ” ಅಂತ ಕೇಳುವುದುಂಟು. ಆ ಬಿಲ್ಲುಗಳನ್ನು ಬಿಡಿಸುತ್ತಾ ಹೋದಾಗಲೇ ಈ ಲೇಖನದ ವಿಷಯ ನನಗೆ ಸಿಕ್ಕಿದ್ದು. ಕಾರ್ಡು ಅಂದರೆ ಒಂದು ಜಾಮೀನು. ನಮ್ಮ ಗುರುತೇ ಇಲ್ಲದ ಊರಿನಲ್ಲಿ ನಮ್ಮ ಪರವಾಗಿ ಇನ್ನೊಬ್ಬರು “ಇವರು ಕೊಡುತ್ತಾರೆ, ಇವರು ಕೊಡದಿದ್ದರೆ ನಾನು ಕೊಡುತ್ತೇನೆ” ಅಂತ ಹೇಳುವುದು. ಆ ಜಾಮೀನು ನಿಲ್ಲುವವರು ಕಾಲಕಾಲಕ್ಕೆ ಬದಲಾಗಿದ್ದಾರೆ, ಅದರ ಬೆಲೆಯೂ ಬದಲಾಗಿದೆ.

ಅಂಗಡಿಯ ಪುಸ್ತಕ ಮತ್ತು ಹುಂಡಿ

ಕಡ ನಮಗೆ ಹೊಸತೇನಲ್ಲ. ಊರಿನ ಜಿನಸಿನ ಅಂಗಡಿಯಲ್ಲಿ ಅಕ್ಕಿ, ಬೆಲ್ಲ, ಮೆಣಸು ತಂದು “ಪುಸ್ತಕದಲ್ಲಿ ಬರೆಯಿರಿ, ಅಡಿಕೆ ಕೊಟ್ಟ ಮೇಲೆ ಲೆಕ್ಕ ಮಾಡುವ” ಅಂದರೆ ಸಾಕಿತ್ತು. ಅಂಗಡಿಯವನಿಗೆ ನಮ್ಮ ತೋಟ ಗೊತ್ತು, ನಮ್ಮ ಅಪ್ಪ ಗೊತ್ತು. ಅಲ್ಲಿ ಬೇರೆ ಜಾಮೀನು ಬೇಡ. ಆದರೆ ಅದೇ ಮನುಷ್ಯ ನಾಲ್ಕು ಊರು ದಾಟಿ ಹೋಗಿ ಹಾಗೆ ಕೇಳಿದರೆ ಯಾರು ಕೊಡುತ್ತಾರೆ?

ದೂರದ ಊರಿಗೆ ಹೋಗುವ ವ್ಯಾಪಾರಿಗಳು ಈ ತೊಂದರೆಗೆ ಹುಂಡಿ ಎಂಬ ದಾರಿ ಕಂಡುಕೊಂಡಿದ್ದರು. ಒಂದು ಊರಿನ ಸಾಹುಕಾರನಿಗೆ ಹಣ ಕಟ್ಟಿದರೆ ಅವನು ಒಂದು ಚೀಟಿ ಬರೆದುಕೊಡುತ್ತಿದ್ದ. ಆ ಚೀಟಿಯನ್ನು ಮತ್ತೊಂದು ಊರಿನಲ್ಲಿರುವ ಅವನ ಕಡೆಯವನಿಗೆ ತೋರಿಸಿದರೆ ಅಲ್ಲಿ ಹಣ ಸಿಗುತ್ತಿತ್ತು. ತೋರಿಸಿದ ಕೂಡಲೇ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ. ಇಷ್ಟು ದಿನ ಕಳೆದ ಮೇಲೆ ಅಂತ ಗಡುವು ಇದ್ದದ್ದು ಮುದ್ದತಿ ಹುಂಡಿ. ಶಾಹಜೋಗ ಹುಂಡಿ ಅಂತ ಇನ್ನೊಂದು ಇತ್ತು. ಅದರ ಹಣವನ್ನು ಪೇಟೆಯಲ್ಲಿ ಮರ್ಯಾದೆ ಇದ್ದ ಒಬ್ಬ ‘ಶಾಹ’ನ ಕೈಗೇ ಕೊಡಬೇಕಿತ್ತು. ದಾರಿಯಲ್ಲಿ ಕದ್ದವನಿಗೆ ಆ ಚೀಟಿಯಿಂದ ಪ್ರಯೋಜನ ಇಲ್ಲ, ಯಾಕೆಂದರೆ ಪೇಟೆಯ ದೊಡ್ಡ ಮನುಷ್ಯರು ಯಾರೂ ಅವನ ಪರವಾಗಿ ಬರುವುದಿಲ್ಲ.

ಇಂದು ನಮ್ಮ ಕಡೆ ಹುಂಡಿ ಎಂದರೆ ದೇವಸ್ಥಾನದ ಕಾಣಿಕೆ ಡಬ್ಬಿ ನೆನಪಾಗುತ್ತದೆ, ಇಲ್ಲದಿದ್ದರೆ ಪೇಪರಿನಲ್ಲಿ ಬರುವ ‘ಕುಳಲ್‌ಪಣ’ದ ಸುದ್ದಿ. ಕಾನೂನಿನ ಹೊರಗಿನ ಆ ದಾರಿಯಲ್ಲೂ ಕೆಲಸ ಮಾಡುವುದು ಅದೇ ಹಳೆಯ ಸೂತ್ರ. ನೋಟು ಗಡಿ ದಾಟುವುದಿಲ್ಲ, ಮಾತು ಮಾತ್ರ ದಾಟುತ್ತದೆ.

ಯುರೋಪಿನಲ್ಲಿಯೂ ಬ್ಯಾಂಕಿನವರು ತಮ್ಮ ಗಿರಾಕಿಗೆ ಪತ್ರ ಬರೆದುಕೊಡುವ ಪದ್ಧತಿ ಇತ್ತು. ಆ ಪತ್ರ ಯಾರ ಹೆಸರಿಗೆ ಉಂಟೋ ಆ ಬ್ಯಾಂಕಿಗೇ ಹೋಗಬೇಕು. 1772ರಲ್ಲಿ ಲಂಡನ್ನಿನ ರಾಬರ್ಟ್ ಹೆರಿಸ್ ಎಂಬವರು ಯುರೋಪಿನ ಹಲವು ಪಟ್ಟಣಗಳಲ್ಲಿ ನಡೆಯುವಂಥ ಚೀಟಿಗಳನ್ನು ಹೊರತಂದರು. ನೂರು ವರ್ಷ ಕಳೆದ ಮೇಲೆ, 1874ರಲ್ಲಿ, ಪ್ರವಾಸದ ವ್ಯವಹಾರ ಮಾಡುತ್ತಿದ್ದ ಥಾಮಸ್ ಕುಕ್ ಅಂಥದ್ದೇ ಚೀಟಿ ಶುರು ಮಾಡಿದರು. ಅಮೆರಿಕನ್ ಎಕ್ಸ್‌ಪ್ರೆಸ್ ಕಂಪೆನಿಯ ಮುಖ್ಯಸ್ಥ ಜೆ. ಸಿ. ಫಾರ್ಗೊ ಯುರೋಪಿಗೆ ಹೋದಾಗ ದೊಡ್ಡ ಪಟ್ಟಣ ಬಿಟ್ಟ ಕೂಡಲೇ ಅವರ ಪತ್ರಕ್ಕೆ ಬೆಲೆ ಇಲ್ಲದೆ ಹೋಯಿತು. ಅಂಥ ಕಂಪೆನಿಯ ದೊಡ್ಡವರಿಗೇ ಹಾಗಾದರೆ ಉಳಿದವರ ಪಾಡೇನು? ಅವರು ಹಿಂದೆ ಬಂದ ನಂತರ, 1891ರಲ್ಲಿ, ಆ ಕಂಪೆನಿಯ ಟ್ರಾವೆಲರ್ಸ್ ಚೆಕ್ ಹುಟ್ಟಿತು.

ಇದರ ಉಪಾಯ ಬಹಳ ಸರಳ. ಚೆಕ್ಕು ಕೊಳ್ಳುವಾಗ ಒಂದು ಸಹಿ, ಅಂಗಡಿಯವನ ಎದುರಿನಲ್ಲಿ ಇನ್ನೊಂದು ಸಹಿ. ಎರಡೂ ಹೊಂದಿದರೆ ಹಣ. ಕಳೆದುಹೋದರೆ ಕಂಪೆನಿ ಬೇರೆ ಚೆಕ್ಕು ಕೊಡುತ್ತಿತ್ತು. ಪ್ರವಾಸಿಯ ಮುಖ ಗೊತ್ತಿಲ್ಲದಿದ್ದರೂ ಕೈಬರಹ ಅವನ ಗುರುತಾಯಿತು.

ರೂಪಾಯಿಯೇ ಸಾಕಾಗಿದ್ದ ಕಾಲ

ಈಗ ನಮ್ಮವರು ಹೋದ ದಾರಿಗೆ ಬರೋಣ. ಇಂದಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ, ಆದರೆ ಒಂದು ಕಾಲದಲ್ಲಿ ಗಲ್ಫಿಗೆ ಹೋಗುವವರು ಹಣ ಬದಲಾಯಿಸಬೇಕಾಗಿಯೇ ಇರಲಿಲ್ಲ. ಕುವೈತ್, ಬಹರೈನ್, ಕತಾರ್, ದುಬೈ, ಅಬುಧಾಬಿ, ಮಸ್ಕತ್ ಎಲ್ಲ ಕಡೆ ನಡೆಯುತ್ತಿದ್ದದ್ದು ಭಾರತದ ರೂಪಾಯಿ. ಮಂಗಳೂರಿನ ಪೇಟೆಯಲ್ಲಿ ನಡೆಯುವ ನೋಟೇ ದುಬೈಯ ಪೇಟೆಯಲ್ಲೂ ನಡೆಯುತ್ತಿತ್ತು.

ಇದಕ್ಕೆ ಕುತ್ತು ಬಂದದ್ದು ಚಿನ್ನದಿಂದ. ಅಲ್ಲಿ ಚಿನ್ನ ಅಗ್ಗ, ಇಲ್ಲಿ ದುಬಾರಿ. ಕಳ್ಳಸಾಗಣೆಯವರು ಇಲ್ಲಿಂದ ರೂಪಾಯಿ ನೋಟು ಕೊಂಡುಹೋಗಿ ಚಿನ್ನ ತರುತ್ತಿದ್ದರು. ಅಲ್ಲಿ ರಾಶಿ ಬಿದ್ದ ನೋಟುಗಳು ಬ್ಯಾಂಕುಗಳ ಮೂಲಕ ಹಿಂದೆ ಬಂದಾಗ ಭಾರತ ಅವುಗಳ ಬದಲಿಗೆ ಪೌಂಡು ಕೊಡಬೇಕಾಗಿತ್ತು. ದೇಶದ ವಿದೇಶಿ ವಿನಿಮಯ ಹಾಗೆ ಸೋರಿ ಹೋಗುತ್ತಿತ್ತು. ಅದನ್ನು ತಡೆಯಲಿಕ್ಕೆ 1959ರಲ್ಲಿ ರಿಸರ್ವ್ ಬ್ಯಾಂಕಿನ ಕಾಯ್ದೆಗೆ ತಿದ್ದುಪಡಿ ಮಾಡಿ ಗಲ್ಫಿಗೆಂದೇ ಬೇರೆ ನೋಟು ಅಚ್ಚು ಹಾಕಿದರು. ಚಿತ್ರವೆಲ್ಲ ನಮ್ಮ ನೋಟಿನದ್ದೇ, ಬಣ್ಣ ಮಾತ್ರ ಬೇರೆ. ನಂಬ್ರದ ಮುಂದೆ ಇಂಗ್ಲಿಷಿನ ‘ಝಡ್’ ಅಕ್ಷರ. ಇದು ಭಾರತದ ಅಂಗಡಿಗಳಲ್ಲಿ ನಡೆಯುವ ಹಣವಾಗಿರಲಿಲ್ಲ. ಹಜ್ ಯಾತ್ರೆಗೆ ಹೋಗುವವರಿಗೆ ‘ಹಜ್’ ಎಂಬ ಶಬ್ದ ಅಚ್ಚಾದ ಹತ್ತು ರೂಪಾಯಿ ಮತ್ತು ನೂರು ರೂಪಾಯಿಯ ಪ್ರತ್ಯೇಕ ನೋಟುಗಳೂ ಆಗ ಬಂದವು. ಮುಂಬಯಿಯಿಂದ ಹಡಗು ಹತ್ತುವ ಯಾತ್ರಿಕ ಆ ನೋಟುಗಳನ್ನು ಸೌದಿಯಲ್ಲಿ ಬದಲಾಯಿಸಿಕೊಂಡು ಖರ್ಚು ಮಾಡಬೇಕಿತ್ತು.

ಹೆಚ್ಚು ವರ್ಷ ಅದೂ ನಡೆಯಲಿಲ್ಲ. ಕುವೈತ್ 1961ರಲ್ಲಿ, ಬಹರೈನ್ 1965ರಲ್ಲಿ ತಮ್ಮದೇ ದಿನಾರ್ ತಂದವು. 1966ರ ಜೂನ್ 6ರಂದು ಭಾರತ ರೂಪಾಯಿಯ ಬೆಲೆ ಇಳಿಸಿತು. ಒಂದು ಡಾಲರಿಗೆ 4.76 ರೂಪಾಯಿ ಇದ್ದದ್ದು 7.50 ಆಯಿತು. ಗಲ್ಫಿನ ರೂಪಾಯಿಯೂ ಅದೇ ದರಕ್ಕೆ ಕಟ್ಟುಬಿದ್ದದ್ದರಿಂದ ಅಲ್ಲಿಯವರ ಕೈಯಲ್ಲಿದ್ದ ಹಣದ ಬೆಲೆಯೂ ರಾತ್ರಿ ಬೆಳಗಾಗುವುದರೊಳಗೆ ಇಳಿಯಿತು. ಅವರು ಕೇಳುವ ಹಾಗೂ ಇಲ್ಲ, ಹೇಳುವ ಹಾಗೂ ಇಲ್ಲ. ಕತಾರ್, ದುಬೈ, ಅಬುಧಾಬಿಗಳು ಆ ವರ್ಷವೇ ನಮ್ಮ ರೂಪಾಯಿಯನ್ನು ಬಿಟ್ಟವು. ಒಮಾನ್ 1970ರಲ್ಲಿ ಬಿಟ್ಟಿತು. ಇಂದು ನಾವು ಹೇಳುವ ಯುಎಇ ದಿರ್ಹಮ್ ಬಂದದ್ದು 1973ರಲ್ಲಿ.

ಗಡಿ ಬದಲಾದರೆ ಏನೆಲ್ಲ ಬದಲಾಗುತ್ತದೆ ಅಂತ ಕಾಸರಗೋಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1956ರ ಅಕ್ಟೋಬರ್ 31ರ ವರೆಗೆ ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು, ಮರುದಿನದಿಂದ ಅರ್ಜಿ ಬರೆಯುವ ಭಾಷೆಯೇ ಬೇರೆ ಎಂಬ ಹಾಗಾಯಿತು. ಆದರೆ ಕಿಸೆಯಲ್ಲಿದ್ದ ರೂಪಾಯಿ ಅದೇ ಇತ್ತು. ಹತ್ತು ವರ್ಷ ಕಳೆದು ಗಲ್ಫಿನಲ್ಲಿ ಆದದ್ದು ಅದರ ವಿರುದ್ಧ. ಊರು ಅದೇ, ಕೆಲಸ ಅದೇ, ಕಿಸೆಯ ನೋಟು ಮಾತ್ರ ನಡೆಯದಾಯಿತು. ನೋಟಿನ ಹಿಂದೆ ಜಾಮೀನು ನಿಂತ ಸರ್ಕಾರದ ಮಾತಿಗೆ ಎಲ್ಲಿಯವರೆಗೆ ಬೆಲೆಯೋ ಅಲ್ಲಿಯವರೆಗೆ ಮಾತ್ರ ನೋಟಿಗೂ ಬೆಲೆ.

ಎಂಟು ಡಾಲರಿನ ಪ್ರಯಾಣ

ರೂಪಾಯಿ ಹೊರಗೆ ನಡೆಯದಾದ ಮೇಲೆ ಡಾಲರ್, ಪೌಂಡು ಬೇಕು. ಅದನ್ನು ಕೊಡುವ ಬಾಗಿಲಿನಲ್ಲಿ ಸರ್ಕಾರವೇ ಕೂತಿತ್ತು. 1947ರ ವಿದೇಶಿ ವಿನಿಮಯ ಕಾಯ್ದೆಯ ಮೇಲೆ 1973ರಲ್ಲಿ ಇನ್ನೂ ಬಿಗಿಯಾದ ‘ಫೆರಾ’ ಬಂತು. ಅದರ ಪ್ರಕಾರ ಒಪ್ಪಿಗೆ ಇಲ್ಲದೆ ವಿದೇಶಿ ಹಣ ಇಟ್ಟುಕೊಳ್ಳುವುದು ಜೈಲಿಗೆ ಹೋಗಬಹುದಾದ ಅಪರಾಧ. ಆ ಕಾಲದಲ್ಲಿ ಪರದೇಶಕ್ಕೆ ಕಲಿಯಲು ಹೋದವರು “ಎಂಟು ಡಾಲರ್ ಕಿಸೆಯಲ್ಲಿಟ್ಟುಕೊಂಡು ವಿಮಾನ ಹತ್ತಿದೆವು” ಅಂತ ಹೇಳುತ್ತಾರೆ. ಅದು ಬರೀ ಗಾದೆ ಮಾತಲ್ಲ, ಒಬ್ಬ ಸಾಮಾನ್ಯ ಪ್ರಯಾಣಿಕನಿಗೆ ಸಿಗುತ್ತಿದ್ದದ್ದು ಅಷ್ಟೇ.

ಎಂಟು ಡಾಲರಿನಲ್ಲಿ ಒಬ್ಬ ಎಷ್ಟು ದಿನ ಬದುಕಬಹುದು? ಹಾಗಾಗಿ ಅಲ್ಲಿ ಜಾಮೀನು ನಿಂತದ್ದು ಊರಿನವರು. ಮೊದಲು ಹೋದ ಅಣ್ಣ, ಭಾವ, ನೆರೆಮನೆಯವನು ಇಳಿದುಕೊಳ್ಳಲು ಜಾಗ ಕೊಟ್ಟು, ಮೊದಲ ತಿಂಗಳ ಊಟದ ಖರ್ಚು ನೋಡಿಕೊಂಡು, ಸಂಬಳ ಬಂದ ಮೇಲೆ ಲೆಕ್ಕ ಮಾಡುತ್ತಿದ್ದರು. ಒಂದೇ ಊರಿನವರು ಒಂದೇ ಕೋಣೆಯಲ್ಲಿ ಇದ್ದದ್ದಕ್ಕೆ ಪ್ರೀತಿ ಒಂದು ಕಾರಣ, ಈ ಲೆಕ್ಕ ಇನ್ನೊಂದು ಕಾರಣ. ನಮ್ಮ ಜಿನಸಿನ ಅಂಗಡಿಯ ಪುಸ್ತಕವೇ ಸಮುದ್ರ ದಾಟಿ ಹೋದ ಹಾಗೆ. ಊರಿಗೆ ಹಣ ಬರುತ್ತಿದ್ದದ್ದು ಡ್ರಾಫ್ಟಿನಲ್ಲಿ, ರಿಜಿಸ್ಟರ್ ಟಪಾಲಿನಲ್ಲಿ.

ಕಾರ್ಡು ಬಂದ ದಾರಿ

ಅಷ್ಟರಲ್ಲಿ ಅಮೆರಿಕದಲ್ಲಿ ಬೇರೆ ಒಂದು ವಸ್ತು ಬೆಳೆಯುತ್ತಿತ್ತು. 1950ರಲ್ಲಿ ಫ್ರಾಂಕ್ ಮೆಕ್‌ನಮಾರ ಎಂಬವರು ನ್ಯೂಯಾರ್ಕಿನಲ್ಲಿ ಡೈನರ್ಸ್ ಕ್ಲಬ್ ಶುರು ಮಾಡಿದರು. ಹೋಟೆಲಿನಲ್ಲಿ ಊಟ ಮಾಡಿ ಒಂದು ರಟ್ಟಿನ ಕಾರ್ಡು ತೋರಿಸಿದರೆ ಹೋಟೆಲಿಗೆ ಕ್ಲಬ್ಬು ಹಣ ಕೊಡುತ್ತಿತ್ತು, ತಿಂಗಳ ಕೊನೆಗೆ ಗಿರಾಕಿ ಕ್ಲಬ್ಬಿಗೆ ಕೊಡಬೇಕು. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯದ ಫ್ರೆಸ್ನೊ ಪಟ್ಟಣದಲ್ಲಿ ಸುಮಾರು 60,000 ಕಾರ್ಡುಗಳನ್ನು ಯಾರೂ ಕೇಳದಿದ್ದರೂ ಟಪಾಲಿನಲ್ಲಿ ಕಳುಹಿಸಿತು. ಇದರಲ್ಲಿ ಬಾಕಿಯನ್ನು ಕಂತಿನಲ್ಲಿ ಬಡ್ಡಿ ಸೇರಿಸಿ ಕೊಡಬಹುದಾಗಿತ್ತು. ಅದೇ ಮುಂದೆ 1976ರಲ್ಲಿ ‘ವೀಸಾ’ ಎಂಬ ಹೆಸರು ಪಡೆಯಿತು. ಪಾಸ್‌ಪೋರ್ಟಿನ ವೀಸಾಕ್ಕೂ ಇದಕ್ಕೂ ಸಂಬಂಧ ಇಲ್ಲ. ಯಾವ ದೇಶದವರಿಗೂ ಉಚ್ಚರಿಸಲು ಸುಲಭ ಅಂತ ಇಟ್ಟ ಹೆಸರು.

ಮೊದಲು ಕಾರ್ಡಿನ ಉಬ್ಬಿದ ಅಕ್ಷರಗಳನ್ನು ಕಾರ್ಬನ್ ಕಾಗದದ ಮೇಲೆ ಒತ್ತಿ ತೆಗೆಯುತ್ತಿದ್ದರು. ಕಳವಾದ ಕಾರ್ಡುಗಳ ನಂಬ್ರ ಅಚ್ಚು ಹಾಕಿದ ಪುಸ್ತಕ ಅಂಗಡಿಯಲ್ಲಿರುತ್ತಿತ್ತು, ಅದನ್ನು ನೋಡಿ ಮಾಲು ಕೊಡಬೇಕಿತ್ತು. ಆಮೇಲೆ ಬೆನ್ನಿಗೆ ಕಪ್ಪು ಪಟ್ಟಿ ಬಂತು, ನಂತರ ಚಿಪ್ಪು.

ಭಾರತಕ್ಕೆ ಡೈನರ್ಸ್ ಕ್ಲಬ್ 1961ರಲ್ಲೇ ಬಂದಿತ್ತು, ಆದರೆ ಅದು ಶ್ರೀಮಂತರ ಕೈಯಲ್ಲಿ. ಬ್ಯಾಂಕಿನ ಕ್ರೆಡಿಟ್ ಕಾರ್ಡು 1980ರಲ್ಲಿ ಸೆಂಟ್ರಲ್ ಬ್ಯಾಂಕಿನಿಂದ ಶುರುವಾಯಿತು. ಬಹಳ ವರ್ಷ ಇಲ್ಲಿಯ ಕಾರ್ಡುಗಳ ಮೇಲೆ “ಭಾರತ ಮತ್ತು ನೇಪಾಳದಲ್ಲಿ ಮಾತ್ರ” ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತಿತ್ತು. ಬ್ಯಾಂಕು ಜಾಮೀನು ನಿಲ್ಲಲು ತಯಾರಿದ್ದರೂ ಸರ್ಕಾರದ ಬಾಗಿಲು ಮುಚ್ಚಿತ್ತು. 1991ರ ನಂತರ ಒಂದೊಂದಾಗಿ ಬೀಗ ತೆಗೆದರು. 1999ರಲ್ಲಿ ಪಾಸಾದ ‘ಫೆಮಾ’ ಕಾಯ್ದೆ 2000ದ ಜೂನ್ 1ರಿಂದ ಜಾರಿಗೆ ಬಂದಾಗ ಫೆರಾ ಹೋಯಿತು. 2004ರಲ್ಲಿ ಒಬ್ಬ ವ್ಯಕ್ತಿ ವರ್ಷಕ್ಕೆ 25,000 ಡಾಲರಿನವರೆಗೆ ಹೊರಗೆ ಕಳುಹಿಸಬಹುದು ಅಂತ ಆಯಿತು. 2015ರಿಂದ ಆ ಮಿತಿ ಎರಡೂವರೆ ಲಕ್ಷ ಡಾಲರ್. ಎಂಟು ಡಾಲರ್ ಎಲ್ಲಿ, ಎರಡೂವರೆ ಲಕ್ಷ ಎಲ್ಲಿ!

ಬಾಗಿಲು ತೆರೆದಿದ್ದರೂ ಬಾಗಿಲಿನವನು ಎದ್ದು ಹೋಗಿಲ್ಲ. ಪರದೇಶದಲ್ಲಿ ಕ್ರೆಡಿಟ್ ಕಾರ್ಡಿನಿಂದ ಮಾಡುವ ಖರ್ಚು ಆ ಮಿತಿಯ ಲೆಕ್ಕಕ್ಕೆ ಬರುತ್ತಿರಲಿಲ್ಲ. 2023ರ ಮೇ ತಿಂಗಳಲ್ಲಿ ಸರ್ಕಾರ ಅದನ್ನೂ ಲೆಕ್ಕದೊಳಗೆ ತಂದಿತು. ಖರ್ಚಿನ ಮೇಲೆ ಶೇಕಡಾ 20 ತೆರಿಗೆ ಮುಂಚಿತವಾಗಿ ಹಿಡಿಯುತ್ತಾರೆ ಅಂತ ದೊಡ್ಡ ಗಲಾಟೆ ಆಯಿತು. ಜೂನ್ ಕೊನೆಗೆ ಸರ್ಕಾರ ಆ ಕ್ರಮವನ್ನು ಮುಂದೂಡಿತು. ಕಾರ್ಡು ನಮ್ಮ ಕಿಸೆಯಲ್ಲಿದ್ದರೂ ಅದರ ಬೀಗದ ಕೈ ಇನ್ನೂ ದೆಹಲಿಯಲ್ಲಿ ಉಂಟು ಎಂಬುದಕ್ಕೆ ಇದೇ ಸಾಕ್ಷಿ.

ಜಾಮೀನಿನ ಬೆಲೆ

ಈಗ ಆ ಬಿಲ್ಲಿಗೆ ಬರುತ್ತೇನೆ. ದುಬೈಯ ಅಂಗಡಿಯಲ್ಲಿ ಕಾರ್ಡು ತೂರಿಸಿದ ಕೂಡಲೇ ಯಂತ್ರ ಆ ಅಂಗಡಿಯ ಬ್ಯಾಂಕಿಗೆ ಹೇಳುತ್ತದೆ. ಆ ಬ್ಯಾಂಕು ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜಾಲಕ್ಕೆ, ಜಾಲ ಇಲ್ಲಿಯ ನಮ್ಮ ಬ್ಯಾಂಕಿಗೆ. “ಇವರಿಗೆ ಇಷ್ಟು ಕೊಡಬಹುದೇ?” ಎಂಬ ಪ್ರಶ್ನೆ ಹೋಗಿ, “ಕೊಡಿ, ನಾನಿದ್ದೇನೆ” ಎಂಬ ಉತ್ತರ ಕೆಲವೇ ಕ್ಷಣದಲ್ಲಿ ತಿರುಗಿ ಬರುತ್ತದೆ. ಹುಂಡಿಯ ಸಾಹುಕಾರ ತಿಂಗಳುಗಟ್ಟಲೆ ಮಾಡುತ್ತಿದ್ದ ಕೆಲಸ ಇದು. ಸಾಹುಕಾರನಿಗೆ ಅವನ ಪಾಲು ಇದ್ದಂತೆ ಇವರಿಗೂ ಪಾಲು ಉಂಟು.

ನಮ್ಮೂರಿನ ಒಬ್ಬರು ತಾಯಿ ಮಗಳ ಮನೆಗೆ ಹೋದವರು ಅಲ್ಲಿ ಕಾರ್ಡಿನಲ್ಲಿ ಒಂದು ಬಳೆ ಕೊಂಡಿದ್ದರು. ಅವರಿಗೆ ಬಿಡಿಸಿ ಹೇಳಿದ ಲೆಕ್ಕವನ್ನು ಸುಲಭದ ಅಂಕಿಯಲ್ಲಿ ಹೇಳುತ್ತೇನೆ. ಬೆಲೆ 1,000 ದಿರ್ಹಮ್, ದಿರ್ಹಮಿಗೆ 23 ರೂಪಾಯಿ ಅಂತ ಇಟ್ಟುಕೊಳ್ಳೋಣ. ಆಗ 23,000 ರೂಪಾಯಿ. ಹೆಚ್ಚಿನ ಕಾರ್ಡುಗಳಲ್ಲಿ ವಿದೇಶಿ ಖರ್ಚಿಗೆ ಶೇಕಡಾ 2ರಿಂದ 3.5ರ ವರೆಗೆ ಹೆಚ್ಚುವರಿ ಶುಲ್ಕ ಇರುತ್ತದೆ. 3.5 ಅಂದರೆ 805 ರೂಪಾಯಿ. ಆ ಶುಲ್ಕದ ಮೇಲೆ ಶೇಕಡಾ 18 ಜಿಎಸ್‌ಟಿ, ಅಂದರೆ ಸುಮಾರು 145. ಒಟ್ಟು 950 ರೂಪಾಯಿ ಜಾಮೀನಿನ ಬೆಲೆ. ಅಂಗಡಿಯವನು ಇದನ್ನು ಹೇಳುವುದಿಲ್ಲ, ಅವನಿಗೆ ಗೊತ್ತೂ ಇರುವುದಿಲ್ಲ.

ಆ ಬಿಲ್ಲಿನಲ್ಲಿ ಇನ್ನೂ ಒಂದು ವಿಷಯ ಇತ್ತು. ಯಂತ್ರದಲ್ಲಿ “ರೂಪಾಯಿಯಲ್ಲಿ ಕೊಡುತ್ತೀರಾ, ದಿರ್ಹಮಿನಲ್ಲಿ ಕೊಡುತ್ತೀರಾ?” ಅಂತ ಕೇಳಿದಾಗ ಅಂಗಡಿಯ ಹುಡುಗ ರೂಪಾಯಿ ಒತ್ತಿಸಿದ್ದ. ನಮ್ಮ ರೂಪಾಯಿ ಕಂಡರೆ ನಮಗೂ ಮನೆಯವರನ್ನು ಕಂಡ ಹಾಗೆ ಆಗುತ್ತದೆ. ಆದರೆ ಹಾಗೆ ಒತ್ತಿದರೆ ದರ ಹಾಕುವುದು ಅಂಗಡಿಯ ಕಡೆಯವರು. ಆ ದರ ಸಾಮಾನ್ಯವಾಗಿ ನಮಗೆ ನಷ್ಟದ್ದೇ. ಅದರ ಮೇಲೆ ಇಲ್ಲಿಯ ಕೆಲವು ಬ್ಯಾಂಕುಗಳು ತಮ್ಮ ಶುಲ್ಕವನ್ನೂ ಹಾಕುತ್ತವೆ. ಯಾವ ದೇಶದಲ್ಲಿ ಇದ್ದೇವೋ ಆ ದೇಶದ ಹಣವನ್ನೇ ಒತ್ತಬೇಕು. 1966ರಲ್ಲಿ ಗಲ್ಫಿನ ಪೇಟೆ ಬಿಟ್ಟ ರೂಪಾಯಿ ಇಂದು ಆ ಯಂತ್ರದ ಪರದೆಯಲ್ಲಿ ಕಾಣಿಸುವುದು ಬೇರೆಯವರ ಲಾಭಕ್ಕೆ.

ಕ್ರೆಡಿಟ್ ಕಾರ್ಡಿನಿಂದ ಎಟಿಎಮ್ಮಿನಲ್ಲಿ ನಗದು ತೆಗೆದರೆ ಆ ದಿನದಿಂದಲೇ ಬಡ್ಡಿ. ಹೋಟೆಲಿನವರು ರೂಮಿನ ಬಾಡಿಗೆಗಿಂತ ಹೆಚ್ಚು ಹಣವನ್ನು ಕಾರ್ಡಿನಲ್ಲಿ ಹಿಡಿದಿಟ್ಟು ಆಮೇಲೆ ಬಿಡುವುದುಂಟು. 2020ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡುಗಳು ಭಾರತದೊಳಗೆ ಮಾತ್ರ ನಡೆಯುವಂತೆ ಬರುತ್ತವೆ. ಹೊರಗೆ ಬೇಕಾದರೆ ನಾವೇ ತೆರೆಯಬೇಕು, ಹಿಂದೆ ಬಂದ ಮೇಲೆ ನಾವೇ ಮುಚ್ಚಬೇಕು. ಹೊರದೇಶದ ವೆಬ್‌ಸೈಟುಗಳಲ್ಲಿ ಓಟಿಪಿ ಕೇಳದೆಯೇ ಹಣ ಹೋಗುವುದುಂಟು, ಹಾಗಾಗಿ ಮುಚ್ಚುವುದು ಮುಖ್ಯ. ಕಾರ್ಡಿನ ವಿವರ ಎಲ್ಲೋ ಸೋರಿ ನಮ್ಮ ತಪ್ಪಿಲ್ಲದೆ ಹಣ ಹೋದರೆ, ಬ್ಯಾಂಕಿನಿಂದ ಸುದ್ದಿ ಸಿಕ್ಕಿ ಮೂರು ಕೆಲಸದ ದಿನಗಳೊಳಗೆ ತಿಳಿಸಿದಲ್ಲಿ ನಷ್ಟ ನಮ್ಮ ಮೇಲೆ ಬೀಳಬಾರದು ಅಂತ 2017ರ ನಿಯಮ ಹೇಳುತ್ತದೆ. ನಾಲ್ಕನೆಯ ದಿನದಿಂದ ಮಾತು ಬೇರೆ.

ಈ ಜಾಮೀನು ಎಲ್ಲರಿಗೂ ಸಿಗುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಸಂಬಳದ ಚೀಟಿ ಇದ್ದವನಿಗೆ ಬ್ಯಾಂಕಿನವರೇ ಫೋನು ಮಾಡಿ ಕಾರ್ಡು ಕೊಡುತ್ತಾರೆ. ಎರಡು ಎಕರೆ ಅಡಿಕೆ ತೋಟದವನು ಅದೇ ಬ್ಯಾಂಕಿನಲ್ಲಿ ನಿರಖು ಠೇವಣಿ ಇಟ್ಟು, ಅದರ ಮೇಲೆ ಕಾರ್ಡು ಕೇಳಬೇಕಾಗುತ್ತದೆ. ಅಂದರೆ ಅವನಿಗೆ ಜಾಮೀನು ಅವನದೇ ಹಣ. ಊರಿನ ಅಂಗಡಿಯ ಪುಸ್ತಕದಲ್ಲಿ ತೋಟ ನೋಡಿ ಬರೆಯುತ್ತಿದ್ದರು. ಬ್ಯಾಂಕಿನ ಪುಸ್ತಕಕ್ಕೆ ತೋಟ ಕಾಣುವುದಿಲ್ಲ.

ನಮ್ಮಲ್ಲಿ ಪರದೇಶದ ಇತಿಹಾಸ ಎಂದರೆ ಯಾರು ಎಷ್ಟು ದೊಡ್ಡ ಮನೆ ಕಟ್ಟಿದರು ಎಂಬಲ್ಲಿಗೆ ಮುಗಿಯುತ್ತದೆ. ಅವರನ್ನು ಅಲ್ಲಿ ಯಾರು ನಂಬಿದರು, ಯಾರ ಕೋಣೆಯಲ್ಲಿ ಮೊದಲ ತಿಂಗಳು ಕಳೆದರು, ಯಾರ ಸಾಲದಲ್ಲಿ ಮೊದಲ ಊಟ ಮಾಡಿದರು ಎಂಬುದನ್ನು ಬಲ್ಲವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಮನೆಯ ಹಳೆಯ ಪೆಟ್ಟಿಗೆಗಳಲ್ಲಿ ಬಣ್ಣ ಬೇರೆಯಾದ ಒಂದು ಹತ್ತರ ನೋಟು, ಹಜ್ ಅಂತ ಅಚ್ಚಾದ ನೋಟು, ಡ್ರಾಫ್ಟಿನ ಪ್ರತಿ, ಎರಡನೆಯ ಸಹಿ ಹಾಕದೆ ಉಳಿದ ಟ್ರಾವೆಲರ್ಸ್ ಚೆಕ್ಕು ಇರಬಹುದು. ಗುಜರಿಯವನಿಗೆ ಕೊಡುವ ಮೊದಲು ಅವುಗಳನ್ನು ವಾಚನಾಲಯಕ್ಕೆ ತಂದು ತೋರಿಸಿ. ಶಾಲೆಯ ಅಧ್ಯಾಪಕರು ಮಕ್ಕಳಿಗೆ ಒಂದು ಕೆಲಸ ಕೊಡಬಹುದು: ಮನೆಯಲ್ಲಿ ಮೊದಲು ಪರದೇಶಕ್ಕೆ ಹೋದವರು ಯಾರು, ಇಳಿದ ದಿನ ಅವರ ಕೈಯಲ್ಲಿ ಎಷ್ಟು ಹಣ ಇತ್ತು, ಅಜ್ಜ ಅಜ್ಜಿಯರಲ್ಲಿ ಕೇಳಿ ಬರೆದು ತರಲಿ.